ಮೂರನೇ ರೈಡಿಗೆ ಹೋಗುವ ಹುಡುಗರು

ಬೆಂಗಳೂರು ಬುಲ್ಸ್ ತಂಡ 2024ರ ಕೊನೆಗೆ ಪ್ರೊ ಕಬಡ್ಡಿ ಲೀಗಿನ ಪಟ್ಟಿಯಲ್ಲಿ ಹನ್ನೆರಡನೆಯದಾಗಿ, ಅಂದರೆ ಕಟ್ಟಕಡೆಗೆ ಬಂದು ಕೂತಾಗ ಬಡವನಹಳ್ಳಿಯ ನಮ್ಮ ಮನೆಯಲ್ಲಿ ಒಬ್ಬನಿಗೆ ಒಳಗೊಳಗೇ ಖುಷಿಯಾಗಿತ್ತು. ಆಡಿದ 22 ಪಂದ್ಯಗಳಲ್ಲಿ ತಂಡ ಗೆದ್ದದ್ದು ಎರಡೇ. ಊರಿನ ಮಿಕ್ಕ ಹುಡುಗರು ಟೀವಿಗೆ ಬೈದು, ಕೋಚಿಗೆ ಬೈದು, ಕೊನೆಗೆ ಪರ್ದೀಪ್ ನರ್ವಾಲನ ವಯಸ್ಸಿಗೂ ಬೈದು ಸುಮ್ಮನಾಗಿದ್ದರು. ನನ್ನ ಚಿಕ್ಕಪ್ಪನ ಮಗ ಮಾತ್ರ ಮೊಬೈಲಿನಲ್ಲಿ ಅಂಕಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಎಳೆಯುತ್ತ ಏನೋ ಲೆಕ್ಕ ಹಾಕುತ್ತಿದ್ದ. ಅವನಿಗಾಗ ಹತ್ತೊಂಬತ್ತು. ನಮ್ಮ ಹೋಬಳಿಯಲ್ಲಿ ಅವನ ರೈಡು ನೋಡಲಿಕ್ಕೆಂದೇ ಬರುವ ಒಂದಷ್ಟು ಜನ ಇದ್ದಾರೆ.

"ಸೋತಿರೋ ಟೀಮೇ ಅಕ್ಕ ಹೊಸಬ್ರನ್ನ ಕರ್ಯಾದು. ಗೆದ್ದೋರು ಯಾಕ್ ಕರೀತಾರೆ?" ಅಂದ.

ಅವನ ಮಾತು ತಮಾಷೆ ಅನ್ನಿಸಿದರೂ ಅದರಲ್ಲೊಂದು ತರ್ಕವಿತ್ತು. ಗೆಲ್ಲುತ್ತಿರುವ ತಂಡಕ್ಕೆ ಹೊಸಬನನ್ನು ಮ್ಯಾಟಿನ ಮೇಲೆ ಬಿಟ್ಟು ನೋಡುವ ದರ್ದು ಇರುವುದಿಲ್ಲ. ಎಲ್ಲ ಕಳೆದುಕೊಂಡ ತಂಡಕ್ಕೆ ಮಾತ್ರ ನಾಳೆಯ ಬಗ್ಗೆ ಯೋಚಿಸುವ ಪುರುಸೊತ್ತು. ಅವತ್ತಿನಿಂದ ಈ ತಂಡ ಕಟ್ಟುವ, ಕೆಡವಿ ಮತ್ತೆ ಕಟ್ಟುವ ವ್ಯವಹಾರದ ಬಗ್ಗೆ ನನಗೂ ಕುತೂಹಲ ಹತ್ತಿಕೊಂಡಿತು. ಪಿಎಚ್.ಡಿ. ಮಾಡುವವರಿಗೆ ಇದೊಂದು ಕಾಯಿಲೆ. ಸ್ವಂತ ವಿಷಯ ಬಿಟ್ಟು ಬೇರೆ ಯಾವುದನ್ನು ಬೇಕಾದರೂ ಟಿಪ್ಪಣಿ ಮಾಡಿಕೊಂಡು ಓದುತ್ತೇವೆ.

ಕೆನಡಾದಲ್ಲಿರುವ ನನ್ನ ಹಾಸ್ಟೆಲ್ ಗೆಳತಿಗೆ ತಮ್ಮನ ಮಾತು ಹೇಳಿದೆ. ಅವಳು ನಕ್ಕು, ಇಲ್ಲಿಯ ಐಸ್ ಹಾಕಿಯವರು ಇದನ್ನೇ ಒಂದು ಕಾನೂನು ಮಾಡಿಕೊಂಡಿದ್ದಾರೆ ಅಂದಳು. ಅಲ್ಲಿನ ನ್ಯಾಷನಲ್ ಹಾಕಿ ಲೀಗಿನಲ್ಲಿ 1963ರಿಂದ ಡ್ರಾಫ್ಟ್ ಎಂಬ ಪದ್ಧತಿ ಇದೆ. ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಆ ಸರದಿಯಲ್ಲಿ ಹಿಂದಿನ ವರ್ಷ ತಳದಲ್ಲಿದ್ದವರು ಮುಂದೆ. ಸೋತವರು ಬೇಕೆಂದೇ ಸೋಲಬಾರದು ಅಂತ ಲಾಟರಿಯನ್ನೂ ಸೇರಿಸಿದ್ದಾರೆ, ಆದರೆ ತಿರುಳು ಅದೇ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಅನ್ನುವ ತಂಡ ಸೋತು ಸುಣ್ಣವಾಗಿದ್ದ ಕಾಲದಲ್ಲಿ, 2004ರಲ್ಲಿ ಎವ್ಗೆನಿ ಮಾಲ್ಕಿನ್, 2005ರಲ್ಲಿ ಸಿಡ್ನಿ ಕ್ರಾಸ್ಬಿ ಎಂಬ ಇಬ್ಬರು ಎಳೆಯರನ್ನು ಹೀಗೆ ಪಡೆದು, 2009ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಆರಿಸಿದ ಹುಡುಗರನ್ನೆಲ್ಲ ಕೂಡಲೇ ದೊಡ್ಡ ತಂಡಕ್ಕೆ ಇಳಿಸುವುದೂ ಇಲ್ಲ. ಹೆಚ್ಚಿನವರು ಕಿರಿಯರ ಲೀಗುಗಳಲ್ಲಿ, ಕೆಳಹಂತದ ತಂಡಗಳಲ್ಲಿ ವರ್ಷಗಟ್ಟಲೆ ಆಡಿ ಹದಕ್ಕೆ ಬರುತ್ತಾರೆ. ಅಷ್ಟೂ ಕಾಲ ಅವರ ಮೇಲಿನ ಹಕ್ಕು ತಂಡದ ಬಳಿಯೇ ಇರುತ್ತದೆ. ಕಾಯುವುದಕ್ಕೆ ಅಲ್ಲಿ ಒಂದು ವ್ಯವಸ್ಥೆ ಇದೆ.

ನಮ್ಮಲ್ಲಿ ಇರುವುದು ಹರಾಜು. ಮೊದಲನೆಯವರಿಗೂ ಹನ್ನೆರಡನೆಯವರಿಗೂ ಅದೇ 5 ಕೋಟಿ ರೂಪಾಯಿಯ ಥೈಲಿ. ಆಟಗಾರರಿಗೆ ಎ, ಬಿ, ಸಿ, ಡಿ ಎಂಬ ದರ್ಜೆ. ಡಿ ದರ್ಜೆಯವನ ಮೂಲಬೆಲೆ 9 ಲಕ್ಷ. ಸೋತಿದ್ದಕ್ಕೆ ಬಹುಮಾನವೇನೂ ಇಲ್ಲ. ಹರಾಜಿನ ಹೊರಗೆ 'ನ್ಯೂ ಯಂಗ್ ಪ್ಲೇಯರ್' ಎಂಬ ಒಂದು ಕಿಂಡಿ ಇದೆ. ಎನ್‌ವೈಪಿ ಅಂತ ಎಲ್ಲರೂ ಕರೆಯುತ್ತಾರೆ. ಲೀಗಿನವರು 2017ರಲ್ಲಿ ಊರೂರಲ್ಲಿ ಆಯ್ಕೆ ನಡೆಸಿ ಹೊಸ ಹುಡುಗರನ್ನು ಹುಡುಕಲು ಹೊರಟಾಗ 18ರಿಂದ 22 ವರ್ಷದವರನ್ನು ಕರೆದಿದ್ದರು. ತಮ್ಮನ ಕಣ್ಣು ಇರುವುದು ಆ ಕಿಂಡಿಯ ಮೇಲೆ. ಇಪ್ಪತ್ತೆರಡು ಅನ್ನುವ ಅಂಕಿ ನಮ್ಮ ಮನೆಯಲ್ಲಿ ರಾಗಿ ಡಬ್ಬದ ಮೇಲೆ ಬರೆದಿಟ್ಟ ಹಾಗೆ ಎಲ್ಲರ ಬಾಯಲ್ಲೂ ಇದೆ.

ಕಬಡ್ಡಿಯನ್ನು ಹತ್ತಿರದಿಂದ ನೋಡದವರಿಗೆ ಒಂದು ವಿಷಯ ಹೇಳಬೇಕು. ತಂಡವೊಂದರ ಎರಡು ರೈಡುಗಳು ಸತತವಾಗಿ ಖಾಲಿ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ. ಹೋದವನು ಪಾಯಿಂಟು ತರಲೇಬೇಕು, ಬರಿಗೈಲಿ ಬಂದರೆ ಔಟ್. ಈ ಮೂರನೇ ರೈಡಿಗೆ ಯಾರನ್ನು ಕಳಿಸುತ್ತಾರೆ? ತಂಡದ ದೊಡ್ಡ ರೈಡರನ್ನಲ್ಲ. ಅವನು ಔಟಾಗಿ ಹೊರಗೆ ಕೂತರೆ, ಯಾರಾದರೂ ಎದುರಾಳಿಯನ್ನು ಔಟ್ ಮಾಡಿ ಅವನ ಸರದಿ ಬರುವವರೆಗೆ ತಂಡದ ಕೈ ಕಟ್ಟಿದ ಹಾಗೆ. ಅದಕ್ಕೇ ಅವನನ್ನು ಜೋಪಾನವಾಗಿ ಇಟ್ಟುಕೊಂಡು, ಎರಡನೆಯವನನ್ನೋ ಮೂರನೆಯವನನ್ನೋ, ಬಹಳ ಸಲ ನಿನ್ನೆ ಮೊನ್ನೆ ಬಂದ ಹುಡುಗನನ್ನೋ ದೂಡುತ್ತಾರೆ. ಅವನು ಔಟಾದರೆ ನಷ್ಟ ಕಡಿಮೆ.

ಈಗ ಎದುರಿನವರ ಕಡೆಯಿಂದ ನೋಡಿ. ಈ ಹುಡುಗ ಸುಮ್ಮನೆ ಗೆರೆ ಮುಟ್ಟಿ ವಾಪಸು ಹೋಗುವಂತಿಲ್ಲ ಅಂತ ಅವರಿಗೆ ಗೊತ್ತು. ಒಳಗೆ ಬರಲೇಬೇಕು. ಎರಡೂ ಕಾರ್ನರಿನವರು ಹಿಂದೆ ಸರಿದು, ಬಲೆ ಬಿಟ್ಟ ಹಾಗೆ ನಿಂತು ಕಾಯುತ್ತಾರೆ. ಹುಡುಗನಿಗೆ ಇರುವುದು ಮೂವತ್ತು ಸೆಕೆಂಡು. ಅಂದರೆ ಆಟದ ಅತಿ ಕಷ್ಟದ ಕೆಲಸವನ್ನು ಅತಿ ಕಡಿಮೆ ಅನುಭವ ಇರುವವನಿಗೆ ಕೊಡುವ ಆಟ ಇದು. ಟೀವಿಯಲ್ಲಿ ವೀಕ್ಷಕ ವಿವರಣೆಯವರು ಇದನ್ನು "ಯುವ ಆಟಗಾರನಿಗೆ ಒಳ್ಳೆಯ ಅವಕಾಶ" ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಮ್ಮ ಆ ಹೊತ್ತಿಗೆ ಮಾತು ನಿಲ್ಲಿಸಿ ಪರದೆಯ ಹತ್ತಿರ ಸರಿದು ಕೂರುತ್ತಾನೆ. ಪವನ್ ಸೆಹ್ರಾವತನ ರೈಡು ನೋಡುವಾಗ ಎಲ್ಲರ ಹಾಗೆ ಕೂಗುವವನು, ಮೂರನೇ ರೈಡಿನ ಹೆಸರಿಲ್ಲದ ಹುಡುಗ ಎದ್ದು ನಿಂತಾಗ ಉಸಿರು ಹಿಡಿಯುತ್ತಾನೆ.

ಹಾಗೆ ದೂಡಿಸಿಕೊಂಡವರಲ್ಲಿ ಕೆಲವರು ನಿಲ್ಲುತ್ತಾರೆ. ಆದರೆ ನಿಲ್ಲುವವರೆಗೆ ಯಾರು ಕಾಯಬೇಕು? ಬುಲ್ಸ್ ತಂಡದ ಚರಿತ್ರೆಯನ್ನೇ ತೆಗೆದುಕೊಳ್ಳಿ. ಪರ್ದೀಪ್ ನರ್ವಾಲ್ ಪ್ರೊ ಕಬಡ್ಡಿಗೆ ಕಾಲಿಟ್ಟದ್ದು 2015ರ ಎರಡನೇ ಆವೃತ್ತಿಯಲ್ಲಿ, ಇದೇ ಬೆಂಗಳೂರು ತಂಡದಲ್ಲಿ. ಹರಿಯಾಣದ ಸೋನಿಪತ್ ಜಿಲ್ಲೆಯ ರಿಂಧಾನಾ ಅನ್ನುವ ಹಳ್ಳಿಯ ಹುಡುಗ. ಆ ವರ್ಷ ಅವನ ಗಳಿಕೆ ಹತ್ತು ಪಾಯಿಂಟನ್ನೂ ಮುಟ್ಟಲಿಲ್ಲ. ಬುಲ್ಸ್ ಫೈನಲ್ ತಲುಪಿ ಯು ಮುಂಬಾಗೆ ಸೋತಿತು. ಮುಂದಿನ ಆವೃತ್ತಿಗೆ ಪರ್ದೀಪ್ ಪಟನಾ ಪೈರೇಟ್ಸ್ ಸೇರಿದ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಪಟನಾಗೆ ಸಾಲಾಗಿ ಮೂರು ಕಿರೀಟ, 2017ರ ಒಂದೇ ಆವೃತ್ತಿಯಲ್ಲಿ 369 ರೈಡ್ ಪಾಯಿಂಟು, ಬಗ್ಗಿ ಸರಪಳಿಯ ಕೆಳಗಿಂದ ನುಸುಳುವ 'ಡುಬ್ಕಿ'ಗೆ ಅವನದೇ ಹೆಸರು, ಒಟ್ಟು 1,800 ರೈಡ್ ಪಾಯಿಂಟಿನ ಗಡಿ. ಅವನು ಬೆಂಗಳೂರಿಗೆ ಮರಳಿದ್ದು 2024ರಲ್ಲಿ, 70 ಲಕ್ಷಕ್ಕೆ, ಮಂಡಿ ಮೊದಲಿನ ಮಾತು ಕೇಳದಿದ್ದ ಕಾಲಕ್ಕೆ. ಅದೇ ತಂಡ ತಳಕ್ಕೆ ಬಿದ್ದ ವರ್ಷ. 2025ರ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ನಿವೃತ್ತಿ ಹೇಳಿದ. ಹುಡುಗನಾಗಿದ್ದಾಗ ಕಾಯದ ಊರಿಗೆ ಅವನು ಕೊನೆಗಾಲದಲ್ಲಿ ಬಂದ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ತಮ್ಮನಿಗೆ ಇದರಲ್ಲಿ ಕಾಡುವಂಥದ್ದೇನೂ ಕಾಣುವುದಿಲ್ಲ. "ಮೊದ್ಲ ವರ್ಷ ಒಂಬತ್ತೋ ಹತ್ತೋ ಪಾಯಿಂಟ್ ಮಾಡ್ದೋನೂ ಪರ್ದೀಪ್ ಆಗ್ಬೋದು ಅಂತಾಯ್ತಲ್ಲ" ಅನ್ನುತ್ತಾನೆ.

ಪವನನ ಕಥೆ ಇನ್ನೂ ಸುತ್ತು. ದಿಲ್ಲಿಯ ಬವಾನಾದವನು. 2016ರಲ್ಲಿ ಬುಲ್ಸ್‌ಗೆ ಬಂದ, ಎರಡು ಆವೃತ್ತಿ ಆಡಿದ, ಬಿಟ್ಟುಕೊಟ್ಟರು. 2017ರಲ್ಲಿ ಗುಜರಾತಿನ ತಂಡದಲ್ಲಿ ಹೆಚ್ಚು ಕಾಲ ಬೆಂಚು ಕಾಯಿಸಿದ. 2018ರಲ್ಲಿ ಬುಲ್ಸ್ ಮತ್ತೆ ಕರೆಸಿಕೊಂಡಾಗ ಇವನೇ ಆ ವರ್ಷದ ದೊಡ್ಡ ರೈಡರ್ ಆಗುತ್ತಾನೆ ಅಂತ ಯಾರೂ ಬಾಜಿ ಕಟ್ಟಿರಲಿಲ್ಲ. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್. ಎದುರಿಗೆ ಅವನನ್ನು ಬೆಂಚಿನಲ್ಲಿ ಕೂರಿಸಿದ್ದ ಅದೇ ಗುಜರಾತ್. ಬುಲ್ಸ್ 38-33ರಿಂದ ಗೆದ್ದಿತು, ಅದರಲ್ಲಿ 22 ಪಾಯಿಂಟು ಪವನನದು. ಬೆಂಗಳೂರಿಗೆ ಇವತ್ತಿನವರೆಗೆ ಬಂದಿರುವುದು ಆ ಒಂದೇ ಕಿರೀಟ. ಆ ರಾತ್ರಿ ಬಡವನಹಳ್ಳಿ ಸರ್ಕಲಿನಲ್ಲಿ ಪಟಾಕಿ ಹೊಡೆದವರಲ್ಲಿ ಯಾರೊಬ್ಬರೂ ಬೆಂಗಳೂರಿನ ಒಳಾಂಗಣ ಕ್ರೀಡಾಂಗಣದ ಒಳಗೆ ಕಾಲಿಟ್ಟವರಲ್ಲ. ಆಮೇಲೆ ಪವನನೂ ಹೋದ. 2022ರ ಹರಾಜಿನಲ್ಲಿ ಅವನ ಬೆಲೆ ಎರಡು ಕೋಟಿ ದಾಟಿ ತಮಿಳ್ ತಲೈವಾಸ್ ಪಾಲಾದ.

ಅವನು ಹೋದ ಜಾಗ ತುಂಬಿದ್ದು ಭರತ್ ಹೂಡಾ. ಬುಲ್ಸ್ ನಿಜವಾಗಿ ಬೆಳೆಸಿದ ಹುಡುಗ ಅಂದರೆ ಇವನೇ ಅಂತ ನನ್ನ ಅನಿಸಿಕೆ. 2021-22ರ ಎಂಟನೇ ಆವೃತ್ತಿ ಕೋವಿಡ್ ಕಾರಣಕ್ಕೆ ಪೂರ್ತಿ ವೈಟ್‌ಫೀಲ್ಡಿನ ಒಂದು ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಎನ್‌ವೈಪಿಯಾಗಿ ಬಂದಿದ್ದ ಭರತ್ ಪವನನ ನೆರಳಿನಲ್ಲಿ ಆಡುತ್ತ, ಮೂರನೇ ರೈಡುಗಳಿಗೆ ಹೋಗುತ್ತ, ಸಿಕ್ಕಿಬೀಳುತ್ತ, ಮತ್ತೆ ಹೋಗುತ್ತ ಇದ್ದ. ಮೌನವಾದ ಆ ಸಭಾಂಗಣದಲ್ಲಿ ಕೋಚ್ ರಣಧೀರ್ ಸಿಂಗ್ ಕೂಗಿದ್ದೆಲ್ಲ ಟೀವಿಯಲ್ಲಿ ಕೇಳಿಸುತ್ತಿತ್ತು. ಮರುವರ್ಷ ಪವನ್ ಇಲ್ಲ. ಭರತ್ 279 ರೈಡ್ ಪಾಯಿಂಟು ಗಳಿಸಿ ತಂಡವನ್ನು ಸೆಮಿಫೈನಲಿಗೆ ಎಳೆದೊಯ್ದ. ಒಬ್ಬ ಹುಡುಗನನ್ನು ಬೆಳೆಸುವುದು ಅಂದರೆ ಇದೇ ಇರಬೇಕು. ದೊಡ್ಡವನು ಇನ್ನೂ ಇರುವಾಗಲೇ ಚಿಕ್ಕವನಿಗೆ ಬೀಳುವ ಅವಕಾಶ ಕೊಡುವುದು. ಆದರೆ 2024ರ ಹೊತ್ತಿಗೆ ಭರತ್ ಕೂಡ ಯು.ಪಿ. ಯೋಧಾಸ್ ಪಾಲಾಗಿದ್ದ. ಬೆಳೆದ ಮೇಲೆ ಬೆಲೆ ಏರುತ್ತದೆ, ಬೆಲೆ ಏರಿದ ಮೇಲೆ ಥೈಲಿ ಸಾಲುವುದಿಲ್ಲ. ಕಡಲೆಕಾಯಿ ಬೆಳೆದವನೇ ಬೇಸಿಗೆಯಲ್ಲಿ ಎಣ್ಣೆಗೆ ಸಾಲ ಬರೆಸುವ ಹಾಗೆ.

ನಮ್ಮೂರಿನ ಕಡೆಗೆ ಬರುತ್ತೇನೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ನಾವು ತುಮಕೂರಿನವರು, ಶಾಲೆಯ ಲೆಕ್ಕದಲ್ಲಿ ನಮ್ಮದೇ ಒಂದು ಜಿಲ್ಲೆ. ಶಾಲಾ ಕ್ರೀಡಾಕೂಟ ಹೋಬಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಏರುವ ಏಣಿ. ಕಾಗದದ ಮೇಲೆ ಈ ಏಣಿ ಚೆನ್ನಾಗಿದೆ. ಹೋಬಳಿ ಪಂದ್ಯಕ್ಕೆ ಟ್ರಾಕ್ಟರಿನಲ್ಲಿ ನಿಂತು ಹೋಗುತ್ತೇವೆ. ತಾಲ್ಲೂಕು ಪಂದ್ಯಕ್ಕೆ ಬಸ್ಸು, ಮೇಷ್ಟ್ರ ಕೈಯಿಂದ ಚಿತ್ರಾನ್ನ. ಸೋತ ತಂಡ ಅವತ್ತೇ ಸಂಜೆ ಮನೆಗೆ. ವರ್ಷಕ್ಕೆ ಒಂದು ಹುಡುಗನಿಗೆ ಸಿಗುವ ಅಧಿಕೃತ ಆಟ ಎಷ್ಟು ಅಂತ ನೋಡಿದರೆ, ಮೊದಲ ಸುತ್ತಿನಲ್ಲೇ ಸೋತವನಿಗೆ ಒಂದೇ ಪಂದ್ಯ. ಎರಡು ಕಡೆಯೂ ಅವಸರ, ಸಂಜೆಯೊಳಗೆ ಮುಗಿಸಬೇಕು. ಅದರಲ್ಲಿ ಯಾವ ಮೇಷ್ಟ್ರು ಹೊಸಬನನ್ನು ಬಿಟ್ಟು ನೋಡುತ್ತಾರೆ? ಚೆನ್ನಾಗಿ ಆಡುವ ಏಳು ಜನರನ್ನು ಇಳಿಸಿ, ಐದು ಜನ ಬದಲಿಗಳನ್ನು ಗೆರೆಯಾಚೆ ಕೂರಿಸಿ, ಚಪ್ಪಲಿ ಕಾಯಲು ಹೇಳುತ್ತಾರೆ.

ಅದಕ್ಕೇ ನಮ್ಮ ಕಡೆ ನಿಜವಾದ ಕಲಿಕೆ ನಡೆಯುವುದು ಶಾಲೆಯ ಹೊರಗೆ, ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ. ಜಾತ್ರೆ, ರಾಜ್ಯೋತ್ಸವ, ಯಾರೋ ಮುಖಂಡರ ಹುಟ್ಟುಹಬ್ಬ, ಏನಾದರೂ ಒಂದು ನೆಪ. ಕಡಲೆಕಾಯಿ ಕಿತ್ತ ಹೊಲವನ್ನು ಹಲುಬೆ ಹೊಡೆದು, ನೀರು ಚಿಮುಕಿಸಿ, ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು ಅಂಕಣ ಮಾಡುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಕಂಬ, ಹ್ಯಾಲೊಜನ್ ದೀಪ, ಫ್ಲೆಕ್ಸಿನಲ್ಲಿ ಆಟಗಾರರಿಗಿಂತ ದೊಡ್ಡದಾಗಿ ದಾನಿಗಳ ಮುಖ. ಪಾವಗಡದ ಕಡೆಯಿಂದ, ಗಡಿಯಾಚೆ ಮಡಕಶಿರಾದಿಂದಲೂ ತಂಡಗಳು ಬರುತ್ತವೆ. ಮೈಕಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಬೆಳಗಿನ ಜಾವ ಮೂರಕ್ಕೆ ಫೈನಲ್. ರಾತ್ರಿ ಹನ್ನೊಂದಕ್ಕೆ ಸೋತ ತಂಡ ಕೂಡ ಬಹುಮಾನ ವಿತರಣೆ ನೋಡಿಕೊಂಡೇ ಹೋಗುತ್ತದೆ, ಆ ಹೊತ್ತಲ್ಲಿ ಬಸ್ಸೆಲ್ಲಿ? ತಮ್ಮ ಬೆಳೆದದ್ದು ಇಲ್ಲಿ. ಹದಿನಾರಕ್ಕೇ ದೊಡ್ಡವರ ತಂಡದಲ್ಲಿ ಆಡುತ್ತಿದ್ದ. ಸಿರಾದ ಕಡೆಯ ಒಬ್ಬ ಕಾರ್ನರ್ ಆಟಗಾರ, ಹಗಲು ಲಾರಿಗೆ ಹುಣಸೇಹಣ್ಣಿನ ಮೂಟೆ ಹೊರುವವನು, ಸತತ ಮೂರು ಪಂದ್ಯಾವಳಿಯಲ್ಲಿ ಇವನ ಕಣಕಾಲು ಹಿಡಿದು ಕೆಡವಿದ. ನಾಲ್ಕನೆಯದರಲ್ಲಿ ಇವನು ಕಾಲು ಕೊಟ್ಟ ಹಾಗೆ ಮಾಡಿ ಕೈ ಮುಟ್ಟಿ ಬಂದ. ಆ ಮೂಟೆಯ ಅಣ್ಣನೇ ಎದ್ದು ಬಂದು ಬೆನ್ನು ತಟ್ಟಿ, "ಈಗ ಕಲ್ತೆ ಕಣೋ" ಅಂದನಂತೆ. ನನಗೆ ಗೊತ್ತಿರುವ ಮಟ್ಟಿಗೆ ತಮ್ಮನಿಗೆ ಸಿಕ್ಕಿರುವ ಅತ್ಯುತ್ತಮ ತರಬೇತುದಾರ ಅವನೇ.

ಮಣ್ಣಿನಲ್ಲಿ ಕಲಿತದ್ದೆಲ್ಲ ಮ್ಯಾಟಿನ ಮೇಲೆ ನಡೆಯುವುದಿಲ್ಲ ಅನ್ನುವುದು ಮುಂದಿನ ಕಷ್ಟ. ಮಣ್ಣಿನಲ್ಲಿ ಬರಿಗಾಲು, ಜಾರುವುದೂ ಒಂದು ಉಪಾಯ. ಹಿಡಿದವನ ಕೈಯಿಂದ ಮೈ ತಿರುಚಿ ಜಾರಿದರೆ ಗೆರೆ ಸಿಗುತ್ತದೆ. ಮ್ಯಾಟಿನ ಮೇಲೆ ಶೂ ನೆಲಕ್ಕೆ ಕಚ್ಚುತ್ತದೆ. ಕಾಲು ನಿಂತು ಮಂಡಿ ತಿರುಗುತ್ತದೆ. ಅಭ್ಯಾಸವಿಲ್ಲದವನು ಮೊದಲ ದಿನವೇ ನೋವು ಮಾಡಿಕೊಳ್ಳುತ್ತಾನೆ. ಹರಿಯಾಣದ ಹಳ್ಳಿಗಳಲ್ಲಿ ಹುಡುಗರು ಮೀಸೆ ಮೂಡುವ ಮೊದಲೇ ಮ್ಯಾಟಿಗೆ ಒಗ್ಗಿಕೊಂಡಿರುತ್ತಾರೆ. ನಮ್ಮ ಹುಡುಗರು ಮ್ಯಾಟು ಕಾಣುವುದು ಆಯ್ಕೆಯ ದಿನ.

ತಮ್ಮ ಹೋದ ಒಂದು ಆಯ್ಕೆಗೆ ನಾನೂ ಜೊತೆಗೆ ಹೋಗಿದ್ದೆ. ಯಾವ ಊರು, ಯಾರು ನಡೆಸಿದ್ದು ಅನ್ನುವುದು ಇಲ್ಲಿ ಮುಖ್ಯವಲ್ಲ. ಬೆಳಗ್ಗೆ ಆರಕ್ಕೇ ನೂರಾರು ಹುಡುಗರ ಸಾಲು. ಮೊದಲು ತೂಕ. ದೊಡ್ಡ ಲೀಗಿನ ಮಿತಿ 85 ಕಿಲೋ, ನಮ್ಮ ಕಡೆಯವರಿಗೆ ಆ ಮಿತಿಯ ಭಯವೇ ಇಲ್ಲ, ಎಲ್ಲರೂ ಅರವತ್ತರ ಆಚೆ ಈಚೆ. ಆಮೇಲೆ ಓಟ. ಆಮೇಲೆ ಏಳು ಏಳು ಜನರ ತಂಡ ಮಾಡಿ ಬಿಟ್ಟರು. ತಮ್ಮನಿಗೆ ಸಿಕ್ಕಿದ್ದು ಎರಡು ರೈಡು. ಮೊದಲನೆಯದರಲ್ಲಿ ಬೋನಸ್ ಗೆರೆಗೆ ಕಾಲು ಹಾಕಿ ಬಂದ. ಎರಡನೆಯದರಲ್ಲಿ ಬಾಡಿಗೆಯ ಶೂ ಮ್ಯಾಟಿಗೆ ಕಚ್ಚಿ ಮುಗ್ಗರಿಸಿದ, ಮೂರು ಜನ ಮೇಲೆ ಬಿದ್ದರು. ಹೆಸರು, ನಂಬರು ಬರೆಸಿಕೊಂಡು "ಫೋನ್ ಮಾಡ್ತೀವಿ" ಅಂದರು. ಎರಡು ರೈಡಿನಲ್ಲಿ ಒಬ್ಬನನ್ನು ಅಳೆಯುವುದು ಅನ್ಯಾಯ ಅಂತ ನನಗೆ ಬಸ್ಸಿನಲ್ಲಿ ಬರುವಾಗ ಸಿಟ್ಟು ಬಂದಿತ್ತು. ನನ್ನ ಗೈಡು ಮೊದಲ ಎರಡು ವರ್ಷ ನಾನು ಬರೆದ ಕಸವನ್ನೆಲ್ಲ ಓದಿ, ಬದಿಯಲ್ಲಿ ಪೆನ್ಸಿಲಿನಲ್ಲಿ ಗೀಚಿ, ಮತ್ತೆ ಬರಿ ಅಂತ ವಾಪಸು ಕೊಟ್ಟವರು. ನನಗೆ ಸಿಕ್ಕ ಆ ಎರಡು ವರ್ಷದ ಪೆನ್ಸಿಲ್ ಗೀಟು ಇವನಿಗೆ ಯಾಕಿಲ್ಲ? ಅವನು ಮಾತ್ರ ಕಿಟಕಿ ಪಕ್ಕ ಕೂತು ಶೂ ಬಗ್ಗೆ ಯೋಚಿಸುತ್ತಿದ್ದ. ಸ್ವಂತದ್ದು ಒಂದು ಜೊತೆ ತಗೋಬೇಕು ಅಕ್ಕ, ಎಷ್ಟಾಗುತ್ತೆ ಅಂತ ಕೇಳಿದ.

2025ರಲ್ಲಿ ಬುಲ್ಸ್ ತಂಡ ತನ್ನನ್ನು ಬುಡಸಮೇತ ಕಿತ್ತು ಕಟ್ಟಿಕೊಂಡಿತು. ಮೊದಲ ಆವೃತ್ತಿಯಿಂದಲೂ ಇದ್ದ ರಣಧೀರ್ ಸಿಂಗ್ ಹೋದರು, ನಮ್ಮವರೇ ಆದ ಬಿ.ಸಿ. ರಮೇಶ್ ಬಂದರು. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಿರೀಟ ತಂದುಕೊಟ್ಟ ಕೋಚ್. ಆದರೆ ನನಗೆ ಅವರ ಮೇಲೆ ನಂಬಿಕೆ ಬಂದದ್ದು ಪುಣೇರಿ ಪಲ್ಟನ್ ಕೆಲಸ ನೋಡಿ. ಅಲ್ಲಿ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಮುಂತಾದವರು 2021-22ರಲ್ಲಿ ಹೊಸ ಹುಡುಗರಾಗಿ ಬಂದಿದ್ದರು, ಆಗ ಅಲ್ಲಿ ಅನೂಪ್ ಕುಮಾರ್ ಕೋಚ್. ಮರುವರ್ಷ ರಮೇಶ್ ಬಂದರು. ಆ ಹುಡುಗರನ್ನು ಬದಲಿಸಿ ಹೆಸರಾಂತರನ್ನು ತುಂಬಲಿಲ್ಲ, ಅವರ ಮೇಲೆಯೇ ಆಟ ಕಟ್ಟಿದರು. 2022ರ ಫೈನಲ್ ಸೋತರು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಗೆದ್ದರು, ನಾಯಕ ಅದೇ ಅಸ್ಲಂ. ಪಲ್ಟನ್ನಿನವರು ಕಿರಿಯರಿಗಾಗಿ ಯುವ ಪಲ್ಟನ್ ಅಂತ ಒಂದು ತಂಡವನ್ನೇ ಇಟ್ಟುಕೊಂಡಿದ್ದಾರೆ. 2022ರಲ್ಲಿ ಶುರುವಾದ ಯುವ ಕಬಡ್ಡಿ ಸರಣಿಯಲ್ಲಿ ಆ ಹುಡುಗರಿಗೆ ತಿಂಗಳುಗಟ್ಟಲೆ ಮ್ಯಾಟಿನ ಮೇಲೆ ಪಂದ್ಯ ಸಿಗುತ್ತದೆ. ಗೆಳತಿ ಹೇಳಿದ ಐಸ್ ಹಾಕಿಯ ಏಣಿಗೆ ನಮ್ಮಲ್ಲಿ ಹತ್ತಿರದ ವಸ್ತು ಏನಾದರೂ ಇದ್ದರೆ ಅದು ಇದು.

ಬೆಂಗಳೂರಿಗೆ ಬಂದ ರಮೇಶ್ ಬೆರಳೆಣಿಕೆಯ ಎಳೆಯರನ್ನು ಬಿಟ್ಟರೆ ಹೆಚ್ಚುಕಡಿಮೆ ಖಾಲಿ ಪಾತ್ರೆಯಿಂದ ಶುರು ಮಾಡಿದರು. ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಲೀಗ್ ಆರಂಭ. ಬುಲ್ಸ್ ಮೊದಲ ಪಂದ್ಯ ಸೋತಿತು, ಮತ್ತೆ ಸೋತಿತು. "ಇದೂ ಅದೇ ಕಥೆ" ಅಂತ ಊರಿನವರು ಚಾನೆಲ್ ಬದಲಿಸಿದರು. ಆಮೇಲೆ ನಿಧಾನಕ್ಕೆ ಗೆಲ್ಲತೊಡಗಿತು. ಹಿಂದಿನ ವರ್ಷ ತಳದಲ್ಲಿದ್ದ ತಂಡ ಮೊದಲ ನಾಲ್ಕರೊಳಗೆ ಬಂದು ಪ್ಲೇಆಫ್ ಆಡಿತು. ಅಲ್ಲಿ ತೆಲುಗು ಟೈಟನ್ಸ್‌ಗೆ ಸೋತಾಗ ಎದುರು ತಂಡದಲ್ಲಿದ್ದವನು ಯಾರು ಅಂದರೆ, ಭರತ್ ಹೂಡಾ. ನಾನು ತಮ್ಮನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

ಆ ವರ್ಷ ಬುಲ್ಸ್‌ನ ರೈಡಿಂಗನ್ನು ಹೊತ್ತವನು ಅಲಿರೆಜಾ ಮಿರ್ಜಾಯಿಯನ್, ಇರಾನಿನ ಹುಡುಗ. ಅವನು ಒಂದೊಂದು ರೈಡಿಗೆ ಹೋದಾಗಲೂ ನಮ್ಮ ಸರ್ಕಲಿನ ಟೀ ಅಂಗಡಿಯಲ್ಲಿ ಜನ ಅವನ ಹೆಸರನ್ನು ಬಾಯಿಗೆ ಬಂದ ಹಾಗೆ ಕೂಗುತ್ತಿದ್ದರು, ಕೊನೆಗೆ 'ಅಲಿ' ಅನ್ನುವಲ್ಲಿಗೆ ನಿಂತಿತು. ಪ್ರತಿ ಹರಾಜಿನ ಮರುದಿನ ಕನ್ನಡದ ಅಭಿಮಾನಿಗಳಿಂದ ಒಂದು ದೂರು ಏಳುತ್ತದೆ, ಬೆಂಗಳೂರು ತಂಡದಲ್ಲಿ ಕನ್ನಡಿಗರೆಷ್ಟು ಅಂತ. ಆ ಸಿಟ್ಟು ನನಗೂ ಅರ್ಥವಾಗುತ್ತದೆ. ಕಾರ್ಕಳದ ಸುಖೇಶ್ ಹೆಗ್ಡೆ, ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಹೀಗೆ ಲೀಗಿನಲ್ಲಿ ಹೆಸರು ಮಾಡಿದ ನಮ್ಮವರು ಬೇರೆ ಬೇರೆ ಊರಿನ ಜರ್ಸಿ ತೊಟ್ಟೇ ಹೆಚ್ಚು ಆಡಿದರು. 2024 ಮತ್ತು 2025ರಲ್ಲಂತೂ ಬೆಂಗಳೂರಿನಲ್ಲಿ ಲೀಗಿನ ಒಂದು ಪಂದ್ಯವೂ ನಡೆಯಲಿಲ್ಲ. ಊರಿನ ಹೆಸರಷ್ಟೇ ಉಳಿದಿದೆ. ಆದರೆ ತಂಡದಲ್ಲಿ ಇಷ್ಟು ಜನ ಕನ್ನಡಿಗರಿರಲಿ ಅಂತ ಕಟ್ಟಲೆ ಮಾಡಿದರೆ ಸಾಕು ಅನ್ನುವುದನ್ನು ನಾನು ಒಪ್ಪಲಾರೆ. ಇರಾನಿನಲ್ಲಿ ಮ್ಯಾಟಿನ ಮೇಲೆ ಆಡಿ ಬೆಳೆದವನ ಎದುರು, ವರ್ಷಕ್ಕೊಮ್ಮೆ ಬಾಡಿಗೆ ಶೂ ಹಾಕುವವನನ್ನು ಕಟ್ಟಲೆಯ ಬಲದಿಂದ ತಂದು ನಿಲ್ಲಿಸಿದರೆ ಅವನು ಬೆಂಚಿನಲ್ಲೇ ಇರುತ್ತಾನೆ. ನಮ್ಮ ಹೋಬಳಿಯ ಸುಣ್ಣದ ಗೆರೆಗೂ ಆ ಮ್ಯಾಟಿಗೂ ನಡುವೆ ಮೆಟ್ಟಿಲುಗಳಿಲ್ಲ. ಕರಾವಳಿಯಲ್ಲಿ ಕಾಲೇಜು ತಂಡಗಳಾದರೂ ಒಂದಷ್ಟು ಮೆಟ್ಟಿಲಾಗಿವೆ. ನಮ್ಮ ಬಯಲುಸೀಮೆಯಲ್ಲಿ ಡಿಗ್ರಿ ಓದುವ ಹುಡುಗನಿಗೆ ಆಟಕ್ಕಿಂತ ಮೊದಲು ಬಸ್ ಪಾಸಿನ ಚಿಂತೆ.

ಇಷ್ಟು ಹೇಳುವಾಗ ಇನ್ನೊಂದು ಮಾತು ಬಾಯಿಗೆ ಬರುತ್ತದೆ, ನುಂಗಲಾರೆ. ಹೈಸ್ಕೂಲಿನಲ್ಲಿ ನಾನೂ ಆಡುತ್ತಿದ್ದೆ, ಎಡ ಕಾರ್ನರ್. ತಾಲ್ಲೂಕು ಮಟ್ಟದವರೆಗೆ ಹೋಗಿದ್ದೆವು. ಕಾರ್ಕಳ ಸೀಮೆಯ ಮಮತಾ ಪೂಜಾರಿ 2012ರಲ್ಲಿ ಭಾರತದ ನಾಯಕಿಯಾಗಿ ವಿಶ್ವಕಪ್ ಗೆದ್ದ ಸುದ್ದಿಯನ್ನು ನಮ್ಮ ಮೇಷ್ಟ್ರು ಪ್ರಾರ್ಥನೆಯ ಹೊತ್ತಲ್ಲಿ ಓದಿದ್ದು ನೆನಪಿದೆ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಹೆಂಗಸರಿಗೂ ಮೂರು ತಂಡಗಳ ಒಂದು ಪಂದ್ಯಾವಳಿ ನಡೆಯಿತು. ಒಂದು ತಂಡಕ್ಕೆ ಮಮತಾ ನಾಯಕಿ, ಇನ್ನೊಂದಕ್ಕೆ ಬೆಂಗಳೂರಿನ ತೇಜಸ್ವಿನಿ ಬಾಯಿ. ಇಬ್ಬರೂ ನಮ್ಮವರು, ಫೈನಲ್ ಇಬ್ಬರ ನಡುವೆಯೇ, ಒಂದೇ ಪಾಯಿಂಟಿನಲ್ಲಿ ಮುಗಿಯಿತು. ಮರುವರ್ಷ ಅದು ಇರಲಿಲ್ಲ. ಹುಡುಗರಿಗೆ ಕಿಂಡಿ ಸಣ್ಣದು ಅಂತ ನಾನು ಇಷ್ಟೊತ್ತು ಬರೆದೆ. ಹುಡುಗಿಯರಿಗೆ ಆ ಕಿಂಡಿ ಒಮ್ಮೆ ತೆಗೆದು ಮುಚ್ಚಿತು.

ತಮ್ಮನಿಗೆ ಇಪ್ಪತ್ತು ತುಂಬಿದೆ. ಫೋನು ಬರಲಿಲ್ಲ. ಮಧುಗಿರಿಯಲ್ಲಿ ಬಿ.ಎ. ಕೊನೆಯ ವರ್ಷ, ಬೆಳಗ್ಗೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓಡುವ ಅಭ್ಯಾಸ, ಸಂಜೆ ಆಟ. ಕಬಡ್ಡಿಯವರಿಗೆ ಪೊಲೀಸು, ರೈಲ್ವೆ, ಸೇನೆ, ಇವೇ ಹಳೆಯ ಆಸರೆ. ಪ್ರೊ ಕಬಡ್ಡಿ ಬರುವ ಮೊದಲೂ ಇದ್ದವು, ಈಗಲೂ ಇವೆ. ಅಲ್ಲಿ ಕೆಲಸ ಸಿಕ್ಕರೆ ಅವರ ತಂಡದಲ್ಲಿ ಮ್ಯಾಟಿನ ಮೇಲೆ ಆಡಬಹುದು ಅನ್ನುವುದು ಅವನ ಈಗಿನ ಲೆಕ್ಕ. ಚಿಕ್ಕಪ್ಪನ ಲೆಕ್ಕದಲ್ಲಿ ಆ ವಾಕ್ಯದ ಮೊದಲರ್ಧ ಮಾತ್ರ ಇದೆ. ಶೂ ತಗೊಂಡಿದ್ದಾನೆ, ನನ್ನ ಫೆಲೋಶಿಪ್ ದುಡ್ಡಿನಲ್ಲಿ. ಮಣ್ಣಿನಲ್ಲಿ ಹಾಕಿದರೆ ಹಾಳಾಗುತ್ತದೆ ಅಂತ ಡಬ್ಬದಲ್ಲೇ ಇಟ್ಟಿದ್ದಾನೆ.

ಊರಿನ ಶಾಲೆಯ ತಂಡವನ್ನು ಸಂಜೆ ಇವನೇ ಆಡಿಸುವುದು, ಮೇಷ್ಟ್ರು ಒಬ್ಬರೇ ಎಷ್ಟು ಅಂತ ನೋಡಿಕೊಳ್ಳುತ್ತಾರೆ. ಈ ಸಲದ ಹೋಬಳಿ ಪಂದ್ಯಕ್ಕೆ ಹನ್ನೆರಡು ಹೆಸರು ಬರೆದುಕೊಟ್ಟಾಗ ಮೇಷ್ಟ್ರು ಆಡುವ ಏಳರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಎಂಟನೇ ಕ್ಲಾಸಿನ ಹುಡುಗ, ಸಣಕಲ, ಮೊದಲ ರೈಡಿಗೇ ಸಿಕ್ಕಿಬೀಳುವುದರಲ್ಲಿ ಹೆಸರುವಾಸಿ. ಇವನ್ಯಾಕಪ್ಪ ಅಂತ ಕೇಳಿದರು.

"ಎಂಗಿದ್ರೂ ಈ ವರ್ಷ ನಾವ್ ಗೆಲ್ಲಾಕಿಲ್ಲ ಸಾ. ಆಡ್ಲಿ ಬಿಡಿ" ಅಂದನಂತೆ.

ಮೇಷ್ಟ್ರು ಸ್ವಲ್ಪ ಹೊತ್ತು ಪಟ್ಟಿ ನೋಡಿ, ಸಹಿ ಹಾಕಿ ಕೊಟ್ಟರಂತೆ.